ಮೂವತ್ತೊಂದನೇ ಗೂಟ

ಗಡಹಿಂಗ್ಲಜಕ್ಕೆ ರೈಲಿಲ್ಲ. ಚುನಾವಣೆ ಬಂದಾಗೊಮ್ಮೆ ರೈಲಿನ ಮಾತು ಬರುತ್ತದೆ, ಚುನಾವಣೆ ಮುಗಿದ ಮೇಲೆ ಮಾತೂ ಮುಗಿಯುತ್ತದೆ. ಜನ ಎಸ್.ಟಿ. ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದು ತಮ್ಮ ಪಾಡಿಗೆ ತಾವು ಕೊಲ್ಹಾಪುರಕ್ಕೆ ಹೋಗಿಬರುತ್ತಾರೆ. ಅಂಥ ಊರಿನ ಪಕ್ಕದ ಹಳ್ಳಿಯ ಪ್ರಾಜಕ್ತಾ ಎಂಬ ಹುಡುಗಿ ಕೊಲ್ಹಾಪುರದ ಕಾಲೇಜಿನಲ್ಲಿ ರೈಲ್ವೆ ಎಂಜಿನಿಯರಿಂಗ್ ಓದುತ್ತಾಳೆ ಎಂದರೆ ಕೇಳಿದವರು ಮೊದಲು ನಗುತ್ತಿದ್ದರು. ಅವಳಿಗೆ ಆ ನಗು ಹಿಡಿಸುತ್ತಿರಲಿಲ್ಲ. ತಾನು ಮಾಡಿದ್ದಕ್ಕೆಲ್ಲ ಅರ್ಧ ಕಾರಣ ಆ ನಗುವೇ ಎಂದು ಅವಳು ಕೆಲವು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಅದು ಕಾಲು ಭಾಗವೂ ಆಗಿರಲಿಲ್ಲ.

ಮನೆಯಲ್ಲಿ ಅಪ್ಪ ಮಲ್ಲಿನಾಥ, ಅವ್ವ ಅಲಕಾ, ಅಪ್ಪನ ತಾಯಿ ಕಲ್ಲವ್ವ, ಪ್ರಾಜಕ್ತಾಳ ಆಯಿ. ಹಿರಣ್ಯಕೇಶಿ ಹೊಳೆಯ ದಂಡೆಗೆ ಮೂರೆಕರೆ ಕಬ್ಬಿನ ಹೊಲ. ಕಲ್ಲವ್ವನ ಗಂಡ, ಮುತ್ಯಾ ಅಲ್ಲಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಲಿಂಗವಂತರ ಪದ್ಧತಿಯಂತೆ ಅವನನ್ನು ಅವನದೇ ಹೊಲದಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತ ಭಂಗಿಯಲ್ಲೇ ಮಣ್ಣು ಮಾಡಿ, ಮೇಲೊಂದು ಕಲ್ಲಿನ ಗದ್ದುಗೆ ಕಟ್ಟಿದ್ದರು. ಗದ್ದುಗೆಯ ಎಡಕ್ಕೆ ನಾಲ್ಕು ಮೊಳ ಅಗಲದ ಜಾಗ ಖಾಲಿ ಬಿಟ್ಟಿತ್ತು. ಮಲ್ಲಿನಾಥ ಒಮ್ಮೆ ಅಲ್ಲಿಯೂ ನೇಗಿಲು ಹೊಡೆದು ಕಬ್ಬು ಹಚ್ಚಲು ಹೋದಾಗ ಕಲ್ಲವ್ವ, "ಅಲ್ಲಿ ರಂಟಿ ಹೊಡೀಬ್ಯಾಡಪಾ, ಅದು ನಂದು," ಎಂದಿದ್ದಳು. ಸಾವಿನ ಮಾತಾಡುವವರ ದನಿ ಅದಾಗಿರಲಿಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಹಿಡಿದ ಸೀಟಿನ ಬಗ್ಗೆ ಹೇಳುವಂತೆ ಹೇಳಿದ್ದಳು. ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು, ಎರಡು ಎಲೆ ಬಿಲ್ವಪತ್ರಿ ಒಯ್ದು ಗದ್ದುಗೆಗೆ ಇಟ್ಟು, ಹಿಂದಿನ ದಿನದ ಸುದ್ದಿಯನ್ನೆಲ್ಲ ಗಂಡನಿಗೆ ಒಪ್ಪಿಸಿ ಬರುತ್ತಿದ್ದಳು. ಮೊಮ್ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕ ಸುದ್ದಿಯೂ ಊರಿಗೆಲ್ಲ ಹಂಚುವ ಮೊದಲು ಅಲ್ಲಿಗೇ ಹೋಗಿತ್ತು.

ಊರು ಆ ಸುದ್ದಿಯನ್ನು ಅಷ್ಟು ಗೌರವದಿಂದ ತೆಗೆದುಕೊಳ್ಳಲಿಲ್ಲ. ಪಕ್ಕದ ಹೊಲದ ಕಾಡಪ್ಪನಿಗೆ ನಾಲ್ಕು ಜನರ ಮುಂದೆ ಬಾಯಿ ತುರಿಸುವ ಚಟ. "ರೈಲು ಇಲ್ಲದ ಊರಾಗ ರೈಲಿನ ಸಾಲಿ. ಇನ್ನೊಂದು ಮಗಳಿದ್ದರ ಹಡಗಿನ ಸಾಲಿಗಿ ಹಾಕು, ಮಲ್ಲಿನಾಥ," ಎಂದ. ಮಲ್ಲಿನಾಥನೂ ನಕ್ಕ. ಅಪ್ಪ ನಕ್ಕದ್ದನ್ನು ಪ್ರಾಜಕ್ತಾ ಮರೆಯಲಿಲ್ಲ.

ಕೊಲ್ಹಾಪುರದಲ್ಲಿ ಇನ್ನೊಂದು ತರಹದ ಫಜೀತಿ ಕಾದಿತ್ತು. ಮೂರನೇ ವರ್ಷ, ರೈಲ್ವೆ ವಿಷಯದ ಮೊದಲ ತಾಸಿನಲ್ಲಿ ಮೇಷ್ಟ್ರು, "ಇಲ್ಲಿಯತನಕ ರೈಲು ಹತ್ತದವರು ಯಾರಿದ್ದೀರಿ?" ಎಂದು ಸುಮ್ಮನೆ ತಮಾಷೆಗೆ ಕೇಳಿದರು. ಒಂದೇ ಒಂದು ಕೈ ಮೇಲೆದ್ದಿತು. ಅದು ಹಾಸ್ಟೆಲಿನ ಗೆಳತಿ ಮನಿಷಾಳದು. ಅವಳ ತಂದೆ ಯಮನಪ್ಪ ಬಾಗಲಕೋಟ ಕಡೆಯಿಂದ ಬಂದು ಇಚಲಕರಂಜಿಯ ಕಬನೂರಿನಲ್ಲಿ ಮಗ್ಗದ ಕಾರ್ಖಾನೆಯಲ್ಲಿ ದುಡಿಯುವವನು. "ಇಚಲಕರಂಜಿಗೆ ಸ್ಟೇಶನ್ ಇಲ್ಲ ಸರ್. ನಮ್ಮ ಮಂದಿ ಲಗ್ನಕ್ಕೂ ಟೆಂಪೋದಾಗ ಹೋಗ್ತಾರ," ಎಂದು ಮರಾಠಿಯಲ್ಲಿ ಹೇಳಿ ತಾನೂ ನಕ್ಕು ಕೂತಳು. ಅವಳ ಪಕ್ಕದಲ್ಲೇ ಕೂತಿದ್ದ ಪ್ರಾಜಕ್ತಾಳ ಎರಡೂ ಕೈ ಬೆಂಚಿನ ಕೆಳಗಿದ್ದವು. ಅವಳೂ ರೈಲು ಹತ್ತಿರಲಿಲ್ಲ. ಹಳಿ, ಸ್ಲೀಪರು, ಜಲ್ಲಿಕಲ್ಲುಗಳ ಲೆಕ್ಕವನ್ನೆಲ್ಲ ಪುಸ್ತಕದಿಂದ ಮೊದಲೇ ಬಾಯಿಪಾಠ ಮಾಡಿದ್ದ ಹುಡುಗಿ ಆ ಭಾನುವಾರ ಯಾರಿಗೂ ಹೇಳದೆ ಒಬ್ಬಳೇ ಸ್ಟೇಶನ್ನಿಗೆ ಹೋಗಿ, ಮೀರಜದ ಟಿಕೀಟು ತೆಗೆಸಿ, ಹೋಗಿ ಬಂದಳು. ಹತ್ತುವಾಗ ಯಾರಾದರೂ ಗುರುತಿನವರು ಕಂಡಾರು ಎಂದು ಮುಖಕ್ಕೆ ಓಢಣಿ ಸುತ್ತಿಕೊಂಡಿದ್ದಳು. ಕದಿಯಲು ಹೋದವರಿಗೂ ಅಷ್ಟು ಜಾಗ್ರತೆ ಇರಲಿಕ್ಕಿಲ್ಲ.

ಫೆಬ್ರವರಿಯಲ್ಲಿ ಸರ್ವೇ ಶಿಬಿರ ಬಂತು. ನಾಲ್ಕು ನಾಲ್ಕು ವಿದ್ಯಾರ್ಥಿಗಳ ಗುಂಪು ಮಾಡಿ, ಎಲ್ಲಿಯಾದರೂ ಎರಡು ಕಿಲೋಮೀಟರು ನೆಲ ಆರಿಸಿಕೊಂಡು, ಅಲ್ಲಿ ರೈಲು ಮಾರ್ಗ ಹೋಗುವುದಾದರೆ ಹೇಗೆ ಹೋಗಬೇಕು ಎಂದು ಅಳೆದು, ಗೂಟ ಹೊಡೆದು, ವರದಿ ಬರೆಯಬೇಕು. ಬರೀ ಅಭ್ಯಾಸಕ್ಕೆ. ಐವತ್ತು ಅಂಕ. ಶಿಬಿರ ಮುಗಿದ ದಿನ ಗೂಟಗಳನ್ನು ಕಿತ್ತು ತರಬೇಕೆಂದು ಮೇಷ್ಟ್ರು ಎರಡು ಸಲ ಹೇಳಿದ್ದರು. "ನಮ್ಮೂರಿಗೆ ಹೋಗೂಣು. ಕಬ್ಬು ಕಡದು ಹೊಲ ಬೈಲಾಗ್ಯಾವ, ನಮ್ಮನ್ಯಾಗ ಉಳೀಬಹುದು," ಎಂದು ಪ್ರಾಜಕ್ತಾ ಮುಂದಾದಳು. ಮನಿಷಾ ಬಂದಳು, ರೋಹನ ಎಂಬ ಕಾಗಲದ ಹುಡುಗ ಬಂದ, ಹವಾ ಬದಲಾವಣೆಗೆಂದು ರುತುಜಾ ಎಂಬವಳು ಬಂದಳು. ಗೂಟದಿಂದ ಗೂಟಕ್ಕೆ ಕಟ್ಟಲು ಮನಿಷಾ ಮಗ್ಗದ ಬಿಳಿ ನೂಲಿನ ಎರಡು ದೊಡ್ಡ ಉಂಡೆ ತಂದಿದ್ದಳು.

ಮೂರು ಕಾಲಿನ ಮೇಲೆ ದುರ್ಬೀನು, ಕೆಂಪು ಬಿಳಿ ಬಣ್ಣದ ಕೋಲು, ತಲೆಗೆ ಕೆಂಪು ಬಳಿದು ನಂಬರು ಬರೆದ ಗೂಟ, ಹೊಲದಿಂದ ಹೊಲಕ್ಕೆ ನೆಟ್ಟಗೆ ಓಡುವ ಬಿಳಿ ನೂಲು. ಇಷ್ಟು ಕಂಡ ಮೇಲೆ ಊರು ಸುಮ್ಮನಿರುತ್ತದೆಯೇ. ಮೊದಲ ದಿನ ಮಧ್ಯಾಹ್ನಕ್ಕೇ ಕಾಡಪ್ಪ ಬದುವಿನ ಮೇಲೆ ಬಂದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ರೈಲಿಂದೇನ್ರಿ ಇದು, ಬಾಯಾರ?" ಎಂದು ಕೇಳಿದ.

ಹುಟ್ಟಿದಾಗಿನಿಂದ 'ಏ ಹುಡುಗಿ' ಎಂದು ಕರೆದವನು 'ರೀ' ಹಚ್ಚಿ, ಅಮ್ಮಾವರೇ ಎನ್ನುವಂತೆ ಮಾತಾಡಿದ್ದ. ಪ್ರಾಜಕ್ತಾ ದುರ್ಬೀನಿನಿಂದ ಕಣ್ಣು ತೆಗೆಯದೆ, "ರೈಲ್ವೆ ಸರ್ವೇ ನಡದೈತಿ," ಎಂದಳು. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಉಳಿದ ಒಂದು ವಾಕ್ಯ ಹೇಳಲು ಬಾಯಿ ಬರಲಿಲ್ಲ, ಅಷ್ಟೇ. ಸಂಜೆಯೊಳಗೆ ಊರೆಲ್ಲ ರೈಲು ಬಂತು ಎಂದಾಯಿತು. ಕಿರಾಣಿ ಅಂಗಡಿಯ ನಾಗೂಬಾಯಿ ಸರ್ವೇಯವರಿಗೆಂದು ಚಹಾ ಕಳಿಸಿದಳು, ರೊಕ್ಕ ಮುಟ್ಟಲಿಲ್ಲ. ಮಲ್ಲಿನಾಥ ಮಗಳ ಹಿಂದೆ ಹಿಂದೆ ಕೊಡೆ ಹಿಡಿದು ತಿರುಗಿದ. ಅಪ್ಪ ಆವತ್ತು ನಗಲಿಲ್ಲ.

ಮೂರನೇ ದಿನ ಮಾರ್ಗ ಒಂದು ತಿರುವು ತೆಗೆದುಕೊಂಡು ಅವಳದೇ ಹೊಲಕ್ಕೆ ಬಂತು. ಮೂವತ್ತೊಂದನೇ ಗೂಟ ಬಂದು ಬಿದ್ದದ್ದು ಗದ್ದುಗೆಯ ಎಡಕ್ಕೆ, ಆ ನಾಲ್ಕು ಮೊಳ ಖಾಲಿ ಜಾಗದ ನಟ್ಟನಡುವೆ. ಕಲ್ಲವ್ವ ತಂಬಿಗೆ ಹಿಡಿದು ಅಲ್ಲೇ ಕೂತಿದ್ದಳು. ಗೂಟ ಹೊಡೆಯುವವರಿಗೆ ತೊಂದರೆಯಾಗದಿರಲಿ ಎಂದು ಎದ್ದು ಪಕ್ಕಕ್ಕೆ ಸರಿದು ನಿಂತಳು.

ರೋಹನ ಗದ್ದುಗೆ ನೋಡಿ, ಇದು ಸಾಲಿನಲ್ಲೇ ಬರುತ್ತದೆ, ಸಾಲನ್ನೇ ಸ್ವಲ್ಪ ಸರಿಸೋಣವೇ ಎಂದು ಮರಾಠಿಯಲ್ಲಿ ಕೇಳಿದ. "ಹೀ ಸಮಾಧಿ ಲೈನೀತಚ ಯೇತೆ. ಆಪಣ ಲೈನ ಥೋಡೀ ಸರಕವೂಯಾ ಕಾ?"

ಮಾರ್ಗವನ್ನೇ ಒಂದಿಷ್ಟು ಸರಿಸಬಹುದಿತ್ತು. ಬರುವ ರೈಲೇನೂ ಇರಲಿಲ್ಲ. ಆದರೆ ಸರಿಸಿದರೆ ತಿರುವಿನ ಲೆಕ್ಕವನ್ನೆಲ್ಲ ಮೊದಲಿಂದ ಮಾಡಬೇಕು, ಒಂದು ಸಂಜೆಯ ಕೆಲಸ. ಬದುವಿನ ಮೇಲೆ ಕಾಡಪ್ಪ ಮತ್ತು ಇನ್ನೂ ಆರೇಳು ಜನ ನಿಂತಿದ್ದರು. ಎಂಜಿನಿಯರಾದವಳು ತನ್ನ ಮುತ್ಯಾನ ಗದ್ದುಗೆಗಾಗಿ ರೈಲು ಬಗ್ಗಿಸಿದಳು ಎಂದು ಅವರು ಆಡಿಕೊಂಡಾರು ಎಂಬ ವಿಚಾರವೂ ಬಂತು. ಎಂಥ ವಿಚಾರ ನೋಡಿ. ಅವಳು ಪುಸ್ತಕದ ಮೇಲೆ ಬಗ್ಗಿ, "ನಕೋ. ಸಮಾಧಿ ಶಿಫ್ಟ ಕರಾವೀ ಲಾಗೇಲ," ಎಂದು, ಅಡ್ಡಿಗಳ ಪಟ್ಟಿಯಲ್ಲಿ ಬರೆದಳು: ಬಾವಿ ಒಂದು, ವಿದ್ಯುತ್ ಕಂಬ ಮೂರು, ಸಮಾಧಿ ಒಂದು, ಸ್ಥಳಾಂತರಿಸಬೇಕು.

ಆ ಸೀಮೆಯಲ್ಲಿ ಮರಾಠಿ ತಿಳಿಯದ ಕನ್ನಡದ ಮುದುಕಿ ಇಲ್ಲ. ಕಲ್ಲವ್ವ ಪತ್ರಿ ಇಟ್ಟು, ನೀರು ಸುರಿದು ಮನೆಗೆ ಹೋದಳು.

ಕೊನೆಯ ದಿನ ರೋಹನ ಗೂಟ ಕೀಳಲು ಹೊರಟ. ಕಾಡಪ್ಪ ನೋಡುತ್ತಿದ್ದ. "ಇರಲಿ ಬಿಡು, ಅಪ್ಪಾ ಕೀಳ್ತಾನ," ಎಂದು ಪ್ರಾಜಕ್ತಾ ಅವನನ್ನು ಮೆಲ್ಲಗೆ ತಡೆದಳು. ಅಪ್ಪನಿಗೆ, "ಯಾರೂ ಮುಟ್ಟದಂಗ ನೋಡ್ಕೋರಿ," ಎಂದಳು. ಹೀಗೆ ಅರವತ್ತೆಂಟು ಗೂಟ ನೆಲದಲ್ಲೇ ಉಳಿದವು. ವಾಪಸು ಹೋಗುವ ಬಸ್ಸಿನಲ್ಲಿ ಮನಿಷಾ ಕಿವಿಯ ಹತ್ತಿರ ಬಗ್ಗಿ, "ಇದು ಪರೀಕ್ಷಾದ್ದು ಅಂತ ಮನ್ಯಾಗ ಹೇಳಿದೇನು? ನಿಮ್ಮ ಆಯಿ ಮುಖಾ ನನಗ್ಯಾಕೋ ಸರಿ ಕಾಣಲಿಲ್ಲ," ಎಂದಳು.

"ಹೇಳೇನಿ," ಎಂದಳು ಪ್ರಾಜಕ್ತಾ.

ಏಪ್ರಿಲ್ ಮೊದಲ ವಾರ ಕಲ್ಲವ್ವನ ಫೋನು ಬಂತು. ಫೋನೆಂದರೆ ದೂರ ಹಿಡಿದು ಕೂಗಿ ಮಾತಾಡುವ ಮುದುಕಿ ಆವತ್ತು ಮೆಲ್ಲಗೆ ಮಾತಾಡಿದಳು.

"ನಿಮ್ಮ ಮುತ್ಯಾಂದು ಮಳಿಗಿಂತ ಮೊದಲ ಆಗಬೇಕೇನವಾ?"

ಏನು ಎಂದು ಪ್ರಾಜಕ್ತಾ ಕೇಳಬೇಕಾಗಿರಲಿಲ್ಲ, ಗದ್ದುಗೆ ಸರಿಸುವ ಮಾತೆಂದು ತಕ್ಷಣ ತಿಳಿಯಿತು. ಈಗ ಹೇಳಿಬಿಡಬೇಕು ಎಂದೂ ತಿಳಿಯಿತು. ಹಾಸ್ಟೆಲಿನ ಕೋಣೆಯಲ್ಲಿ ಮನಿಷಾ ಬಟ್ಟೆ ಮಡಚುತ್ತಿದ್ದಳು. ಹೇಳಿದರೆ ಎರಡು ತಿಂಗಳ ಹಿಂದಿನ ಸುಳ್ಳು ಅವಳ ಎದುರಿಗೇ ಬಯಲಾಗುತ್ತಿತ್ತು. "ಇನ್ನೂ ಭಾಳ ಟೈಮ್ ಐತಿ ಆಯಿ, ಅದರ ಚಿಂತಿ ಬಿಡು. ಬಂದ ಮ್ಯಾಲೆ ಮಾತಾಡೂಣು," ಎಂದು ಫೋನಿಟ್ಟಳು. ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಸೇರಿತು. ಪರೀಕ್ಷೆ ಹತ್ತಿರವಿತ್ತು.

ಮೇ ತಿಂಗಳ ಕೊನೆಗೆ ವರದಿಯ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಹಾಳೆ ತಿರುವುತ್ತ ಅಡ್ಡಿಗಳ ಪಟ್ಟಿಯ ಮೇಲೆ ಬೆರಳಿಟ್ಟು ನಿಂತರು. ಬೇರೆ ಗುಂಪುಗಳು ಬಾವಿ, ಕಂಬ ಬರೆದು ಕೈ ತೊಳೆದುಕೊಂಡಿದ್ದಾರೆ, ನೀವು ಸಮಾಧಿಯನ್ನೂ ಬಿಡದೆ ಬರೆದಿದ್ದೀರಿ, ನೆಲ ನೋಡುವ ಕಣ್ಣೆಂದರೆ ಇದು ಎಂದರು. ಐವತ್ತರಲ್ಲಿ ನಲವತ್ತೇಳು ಕೊಟ್ಟರು. ಅಷ್ಟು ಅಂಕ ಬಂದದ್ದಕ್ಕೆ ಪ್ರಾಜಕ್ತಾಳಿಗೆ ಸಂತೋಷವೇ ಆಯಿತು. ಈ ಮಾತನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮರುದಿನ ಊರಿಗೆ ಬಂದಳು. ಕಲ್ಲವ್ವ ಅವಳಿಗೆ ಕಾಲು ತೊಳೆಯಲೂ ಬಿಡದೆ, "ಬಾ, ಹೊಲದಾಗ ಒಂದು ತೋರಸ್ತೇನಿ," ಎಂದು ಕೈ ಹಿಡಿದು ಕರೆದೊಯ್ದಳು.

ಗದ್ದುಗೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಹೊಸ ಮಣ್ಣು ತುಂಬಿ ಸಮ ಮಾಡಿದ್ದರು. ಅದರ ಪಕ್ಕ ಮೂವತ್ತೊಂದನೇ ಗೂಟ ನೆಟ್ಟಗೆ ನಿಂತಿತ್ತು. ಅದರ ಕೊರಳಿಗೆ ಮಗ್ಗದ ಬಿಳಿ ನೂಲು ಸುತ್ತಿ, ಮೂರು ಕಡೆ ಎಳೆದು ಕಲ್ಲಿಗೆ ಬಿಗಿದಿದ್ದರು.

"ತಗ್ಗು ತೋಡೂಮುಂದ ನಿನ್ನ ಗೂಟಾ ಅಲಗ್ಯಾಡಾಕತ್ತಿತ್ತು," ಎಂದಳು ಕಲ್ಲವ್ವ. "ನೀವು ಬಿಟ್ಟುಹೋದ ನೂಲಿನಿಂದ ಕಟ್ಟಿ, ಮುಗಿಯೂತನಾ ನಾನ ಹಿಡಕೊಂಡು ಕುಂತಿದ್ದೆ. ಒಂದು ಬೆರಳಷ್ಟೂ ಸರದಿಲ್ಲ ನೋಡು."

ಪ್ರಾಜಕ್ತಾ ಹೊಸ ಮಣ್ಣಿನ ಸುತ್ತ ಕಣ್ಣಾಡಿಸಿದಳು. "ಮುತ್ಯಾ ಎಲ್ಲಿ?" ಎಂದಳು.

ಕಲ್ಲವ್ವ ಹೊಲದ ಕೆಳಗಿನ ಮೂಲೆ ತೋರಿಸಿದಳು. ಒಂದು ಕಡೆ ಕಾಡಪ್ಪನ ಬದು, ಇನ್ನೊಂದು ಕಡೆ ಪಂಪಿನ ಖೋಲಿ. ನಡುವೆ ಒಬ್ಬರಿಗೆ ಸಾಲುವಷ್ಟು ಜಾಗದಲ್ಲಿ ಹಳೆಯ ಕಲ್ಲುಗಳನ್ನೇ ಮತ್ತೆ ಜೋಡಿಸಿದ್ದರು.

"ಗೂಟದ ಸಾಲಿನಿಂದ ದೂರ, ಮಳಿನೀರು ನಿಲ್ಲದ ಜಾಗಾ ಅದೊಂದ ಇತ್ತು. ಮಠದ ಅಯ್ಯನವರು ಬಂದು ಪೂಜಿ ಮಾಡಿದ್ರು. ನಿಮ್ಮ ಮುತ್ಯಾನ ಕೈಯಾಗಿನ ಲಿಂಗ ಹಂಗ ಇತ್ತವಾ. ನಾನ ತೊಳದು ವಿಭೂತಿ ಹಚ್ಚಿ ತಿರುಗಿ ಕೊಟ್ಟೆ." ಗೂಟದ ನೂಲು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದಳು. "ನಿಮ್ಮಪ್ಪ ಸರಕಾರದಿಂದ ಕಾಗದ ಬರಲಿ ಅಂದ. ಕಾಗದ ಯಾಕೋ, ಮನೀ ಹುಡುಗಿನ ಹೇಳ್ಯಾಳಲಾ ಅಂದೆ. ನಾಳೆ ನಿಮ್ಮ ಸಾಹೇಬ್ರು ಬಂದು, ನಿನ್ನ ಮನಿಯವರ ನಿನ್ನ ಕೆಲಸಕ್ಕ ಅಡ್ಡ ಅದಾರಲ್ಲ ಅನ್ನಬಾರದು. ನಿನಗ ಪರೀಕ್ಷಾ ಇತ್ತು, ಅದಕ್ಕ ಹೇಳಲಿಲ್ಲ."

"ಮತ್ತ ನಿನ್ನ ಜಾಗಾ, ಆಯಿ?"

"ನಂದೇನವಾ. ಎಲ್ಲೋ ಒಂದು ಕಡೆ."

ಪ್ರಾಜಕ್ತಾ ಅಲ್ಲೇ ಮಣ್ಣಿನಲ್ಲಿ ಕೂತಳು. ನಿಂತು ಹೇಳುವ ಮಾತಾಗಿರಲಿಲ್ಲ ಅದು. "ಆಯಿ, ರೈಲು ಬರೂದಿಲ್ಲ. ಅದು ನಮ್ಮ ಪರೀಕ್ಷಾಕ್ಕ ಮಾಡಿದ್ದು. ಸುಮ್ಮನ ಅಭ್ಯಾಸ. ಗೂಟಾ ಕಿತ್ತು ಒಯ್ಯಬೇಕಾಗಿತ್ತು, ನಾನು ಒಯ್ಯಲಿಲ್ಲ. ನೀ ಫೋನ್ ಮಾಡಿದಾಗೂ ಹೇಳಲಿಲ್ಲ." ಯಾಕೆ ಹೇಳಲಿಲ್ಲ ಎಂದು ಕಲ್ಲವ್ವ ಕೇಳಿದರೆ, ಕಾಡಪ್ಪ ನನಗೆ ರೀ ಅಂದ, ಅದಕ್ಕೆ ಎಂದು ಹೇಳುವುದೇ? ಅಜ್ಜಿಯ ಮುಖ ನೋಡುವ ಧೈರ್ಯವಾಗದೆ ಅವಳ ಪಾದ ನೋಡುತ್ತ ಕೂತಳು.

ಕಲ್ಲವ್ವ ಕೆಳಗಿನ ಮೂಲೆಯ ಕಡೆ ನೋಡಿದಳು, ಹೊಸ ಮಣ್ಣಿನ ಕಡೆ ನೋಡಿದಳು. ಕೊನೆಗೆ, "ಪಾಸಾದೇನು?" ಎಂದು ಕೇಳಿದಳು.

"ಆದೆ."

"ಹಂಗಾದ್ರ ಆತು." ಮುದುಕಿಯ ದನಿ ಸಣ್ಣಗಾಗಿತ್ತು. "ಇದನ್ನ ಯಾರ ಮುಂದೂ ಹೇಳಬ್ಯಾಡ. ನಿಮ್ಮಪ್ಪಗೂ ಬ್ಯಾಡ. ಕಾಡಪ್ಪಗಂತೂ ಹೇಳಬ್ಯಾಡ, ನಿನ್ನ ನಗ್ತಾರ."

"ಮುತ್ಯಾನ ತಿರುಗಿ ಇಲ್ಲೇ ತರೂಣು ಆಯಿ."

"ಒಮ್ಮೆ ಎಬ್ಬಿಸಿದ್ವಿ. ಎರಡನೇ ಸಲ ಎಬ್ಬಿಸಬಾರದು," ಎಂದು ಕಲ್ಲವ್ವ ಸೆರಗು ಕೊಡವಿಕೊಂಡು ಮನೆಯ ಕಡೆ ತಿರುಗಿದಳು.

ಬೈದಿದ್ದರೆ ಪ್ರಾಜಕ್ತಾ ಅತ್ತು ಹಗುರಾಗುತ್ತಿದ್ದಳೇನೋ. ಗಂಡನ ಪಕ್ಕದ ಜಾಗ ಕಳೆದುಕೊಂಡ ಮುದುಕಿ ಆ ಗಳಿಗೆಯಲ್ಲೂ ಮೊಮ್ಮಗಳನ್ನು ನೋಡಿ ನಾಲ್ಕು ಜನ ನಗಬಾರದು ಎಂದು ಯೋಚಿಸುತ್ತಿದ್ದಳು. ಹಾಗೆಯೇ ಬಿಟ್ಟಿದ್ದರೆ ಕಲ್ಲವ್ವ ತನ್ನ ಕೊನೆಯತನಕ ಬಾಯಿ ಬಿಡುತ್ತಿರಲಿಲ್ಲ, ಊರು ಇನ್ನೂ ಹತ್ತು ವರ್ಷ ರೈಲಿಗೆ ಕಾಯುತ್ತಿತ್ತು, ಪ್ರಾಜಕ್ತಾ ಎಂಜಿನಿಯರಬಾಯಿಯಾಗಿ ತಿರುಗಬಹುದಿತ್ತು. ಆ ದಾರಿ ಎಷ್ಟು ಸುಲಭವಾಗಿದೆ ಎಂದು ಅವಳಿಗೆ ಚೆನ್ನಾಗಿ ಕಂಡಿತು. ನಾಲ್ಕು ತಿಂಗಳು ಅದರಲ್ಲೇ ನಡೆದುಬಂದಿದ್ದಳಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಅವ್ವನನ್ನು ಕೂರಿಸಿ ಮೊದಲು ಅವರಿಗೆ ಹೇಳಿದಳು. ಮಲ್ಲಿನಾಥ ಎದ್ದು ಹೊರಗೆ ಹೋದ. ಅವಳು ಸುತ್ತಿಗೆ, ಒಂದು ಗೋಣಿಚೀಲ ತೆಗೆದುಕೊಂಡು ರಸ್ತೆಯ ಬದಿಯ ಮೊದಲ ಗೂಟಕ್ಕೆ ಬಂದಳು. ಅದು ನಾಗೂಬಾಯಿಯ ಅಂಗಡಿಯ ಎದುರಿಗೇ ಇತ್ತು. ಎಡಕ್ಕೊಂದು ಬಲಕ್ಕೊಂದು ಏಟು ಹಾಕಿ ಸಡಿಲ ಮಾಡಿ ಕಿತ್ತಳು.

"ಯಾಕವಾ, ರೈಲು ರದ್ದಾತೇನು?" ಎಂದು ನಾಗೂಬಾಯಿ ಒಳಗಿನಿಂದ ಕೇಳಿದಳು.

"ರೈಲು ಬರೂದ ಇರಲಿಲ್ಲ ಅತ್ತಿ. ನಾನು ಪರೀಕ್ಷಾಕ್ಕ ಹುಗದಿದ್ದೆ. ನಿಮಗ ಹೇಳಲಿಲ್ಲ. ನಂದ ತಪ್ಪು."

ಈ ನಾಲ್ಕು ಮಾತನ್ನು ಅವಳು ಆ ಮುಂಜಾನೆ ಇಪ್ಪತ್ತು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಮೊದಲ ಸಲದಷ್ಟೇ ಕಷ್ಟವಾಯಿತು. ಕೆಲವರು ನಕ್ಕರು, ಕೆಲವರು ಕೇಳದವರಂತೆ ಹೋದರು. ಅವಳ ಕೈಯಲ್ಲಿ ಬೊಕ್ಕೆ ಎದ್ದವು. ಇಪ್ಪತ್ತಾರನೇ ಗೂಟ ಕಾಡಪ್ಪನ ಹೊಲದಲ್ಲಿತ್ತು. ಅವನು ಅಲ್ಲೇ ನಿಂತಿದ್ದ. ಸುದ್ದಿ ಅವಳಿಗಿಂತ ಮೊದಲೇ ಅವನನ್ನು ಮುಟ್ಟಿತ್ತು. ಈಗ ಹಡಗಿನ ಮಾತು ಬರುತ್ತದೆ ಎಂದು ಪ್ರಾಜಕ್ತಾ ತಲೆ ತಗ್ಗಿಸಿ ಕಾದಳು. ಬಂದರೆ ಒಳ್ಳೆಯದು ಎಂದೂ ಅನಿಸಿತ್ತು.

ಕಾಡಪ್ಪ ನಗಲಿಲ್ಲ. "ಮತ್ತ ಅಲ್ಲಪ್ಪಣ್ಣನ ಎಬ್ಬಿಸಿದ್ದು?" ಎಂದ. "ಮಲ್ಲಿನಾಥ ಒಂದು ಸಲಿಕಿ ಮಣ್ಣು ತಗದು ನಿಂತುಬಿಟ್ಟ. ಅವನ ಕಡಿಂದ ಸಲಿಕಿ ಇಸಕೊಂಡು ನಾನ ತೋಡಿದೆ, ಹುಡುಗಿ," ಎಂದು ಹೇಳಿ ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಆ ಗೂಟವನ್ನು ತಾನೇ ಕಿತ್ತು ಅವಳ ಚೀಲಕ್ಕೆ ಹಾಕಿ ಹೋದ.

ಮೂವತ್ತೊಂದಕ್ಕೆ ಬರುವಾಗ ಬಿಸಿಲು ಏರಿತ್ತು. ಕಲ್ಲವ್ವ ತಂಬಿಗೆ ಹಿಡಿದು ಅಲ್ಲಿ ಕೂತಿದ್ದಳು. ಗದ್ದುಗೆ ಕೆಳಗಿನ ಮೂಲೆಗೆ ಹೋಗಿ ಒಂದು ತಿಂಗಳಾದರೂ ಅವಳ ಕಾಲು ದಿನಾ ಮೊದಲು ಹಳೆಯ ಜಾಗಕ್ಕೇ ಬರುತ್ತಿತ್ತಂತೆ. ಬೇಡವೆಂದರೂ ಊರಿಗೆಲ್ಲ ಹೇಳಿಬಂದದ್ದಕ್ಕೆ ಅವಳು ಏನೂ ಅನ್ನಲಿಲ್ಲ. ಪ್ರಾಜಕ್ತಾ ಬಗ್ಗಿ ನೂಲಿನ ಗಂಟು ಬಿಚ್ಚಲು ಹೋದಾಗ ಮಾತ್ರ ಅವಳ ಕೈ ಹಿಡಿದಳು.

"ಇದೊಂದು ಬಿಡವಾ. ಮಳಿ ಬಿದ್ದ ಮ್ಯಾಲೆ ನಿಮ್ಮಪ್ಪ ಇಲ್ಲೂ ಕಬ್ಬು ಹಚ್ಚತಾನ. ಆಮ್ಯಾಲೆ ನಾವಿಬ್ಬರೂ ಎಲ್ಲಿ ಕುಂದ್ರಬೇಕಾಗಿತ್ತು ಅಂತ ನನಗ ಗೊತ್ತಾಗಬೇಕಲಾ."

ಪ್ರಾಜಕ್ತಾ ನೂಲು ಬಿಟ್ಟಳು. ಕೀಳಲು ತಂದಿದ್ದ ಸುತ್ತಿಗೆಯಿಂದಲೇ ಆ ಗೂಟವನ್ನು ಇನ್ನೊಂದು ಗೇಣು ಆಳಕ್ಕೆ, ಮಳೆಗೂ ರಂಟೆಗೂ ಅಲುಗದಂತೆ ಹೊಡೆದಳು. ಕಲ್ಲವ್ವ ಗೂಟದ ಬುಡಕ್ಕೆ ಸ್ವಲ್ಪ ನೀರು ಹಾಕಿ, ಉಳಿದದ್ದನ್ನು ತೆಗೆದುಕೊಂಡು ಕೆಳಗಿನ ಮೂಲೆಗೆ ನಡೆದಳು. ಪ್ರಾಜಕ್ತಾ ಚೀಲ ಹೆಗಲಿಗೆ ಹಾಕಿಕೊಂಡು ಮೂವತ್ತೆರಡನೇ ಗೂಟಕ್ಕೆ ಹೋದಳು.